ಅರ್ಜಿಯಲ್ಲಿ ಜಾತಿ ಕೇಳಬೇಕು. ಆದರೆ ಆಯ್ಕೆ ಮಾಡುವವರ ಕಣ್ಣಿಗೆ ಅದು ಕಾಣಬಾರದು

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಣ್ಣ ಸಂಸ್ಥೆಗೆ ಫೆಲೋಶಿಪ್ ಅರ್ಜಿಯ ಆನ್‌ಲೈನ್ ಫಾರ್ಮ್ ಮಾಡಿಕೊಟ್ಟಿದ್ದೆ. ಗ್ರಾಮೀಣ ಭಾಗದ ಪದವೀಧರರಿಗಾಗಿ ಇದ್ದ ಫೆಲೋಶಿಪ್ ಅದು. ಉದ್ದೇಶ ಒಳ್ಳೆಯದೇ. ಮೊದಲ ಪುಟದಲ್ಲಿ ಹೆಸರು, ತಂದೆಯ ಹೆಸರು, ಊರು, ಫೋನ್ ನಂಬರ್. ಅದರ ಕೆಳಗೆ ಜಾತಿ. ಪಕ್ಕದಲ್ಲಿ ಕೆಂಪು ಬಣ್ಣದ ನಕ್ಷತ್ರ, ಅಂದ್ರೆ ತುಂಬಲೇಬೇಕು, ತುಂಬದಿದ್ದರೆ ಫಾರ್ಮ್ ಮುಂದಕ್ಕೆ ಹೋಗಲ್ಲ.

ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ಸಹಾಯವಾಣಿಗೆ ಒಂದು ಕರೆ ಬಂತು. ಆ ಕಡೆ ಒಬ್ಬ ಯುವತಿ. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಈ ಜಾತಿ ಕಾಲಂ ಇಂಟರ್‌ವ್ಯೂ ಮಾಡೋರಿಗೆ ಕಾಣುತ್ತಾ?"

ಒಂದು ನಿಮಿಷ ಇರಿ ಅಂತ ಹೇಳಿ ಕಂಪ್ಯೂಟರ್ ನೋಡಿದೆ. ಫಾರ್ಮ್ ತುಂಬಿದ ಕೂಡಲೇ ಎಲ್ಲವೂ ಒಂದೇ ಎಕ್ಸೆಲ್ ಹಾಳೆಗೆ ಹೋಗಿ ಬೀಳ್ತಿತ್ತು. ಆಯ್ಕೆ ಸಮಿತಿಯ ಐದೂ ಜನರಿಗೆ ಆ ಹಾಳೆಯ ಲಿಂಕ್ ಕೊಟ್ಟಿದ್ವಿ. ಹೆಸರಿನ ಪಕ್ಕದಲ್ಲೇ ಜಾತಿ. "ಕಾಣುತ್ತೆ" ಅಂದೆ. ಆಕೆ "ಸರಿ" ಅಂತ ಹೇಳಿ ಫೋನ್ ಇಟ್ಟರು.

ಆ ಕಾಲಂ ಹಾಕುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಕಾರಣ ಸರಳ. ಯಾವುದೇ ಅರ್ಜಿಯಲ್ಲಿ ಆ ಕಾಲಂ ತುಂಬುವಾಗ ನನ್ನ ಕೈ ಯಾವತ್ತೂ ತಡೆದಿಲ್ಲ. ನನ್ನ ಜಾತಿಯ ಹೆಸರು ಬರೆದ ಕಾರಣಕ್ಕೆ ಯಾರೂ ನನ್ನ ಮುಖ ನೋಡಿ ಮತ್ತೊಮ್ಮೆ ಹಾಳೆ ನೋಡಿಲ್ಲ. ಫಾರ್ಮ್ ಮಾಡುವ ಕುರ್ಚಿಯಲ್ಲಿ ಸಾಮಾನ್ಯವಾಗಿ ಕೂರುವವರು ನನ್ನಂಥವರೇ.

ಕಾಲಂ ಕಿತ್ತು ಹಾಕಿಬಿಡೋಣ ಅನ್ನೋದು ನನ್ನ ಮೊದಲ ಯೋಚನೆ. ಆದರೆ ಕಿತ್ತು ಹಾಕಿದರೆ ನಮ್ಮ ಫೆಲೋಶಿಪ್ ಯಾರಿಗೆ ಸಿಗ್ತಿದೆ, ಯಾರನ್ನು ನಾವು ಸೋಸಿ ಹೊರಗೆ ಹಾಕ್ತಿದ್ದೀವಿ ಅನ್ನೋದು ನಮಗೇ ಗೊತ್ತಾಗಲ್ಲ. ಕೇಳಿದರೆ ಅರ್ಜಿದಾರರಿಗೆ ಅಪಾಯ, ಕೇಳದಿದ್ದರೆ ಸಂಸ್ಥೆಗೆ ಆರಾಮ. ಈ ಇಕ್ಕಟ್ಟಿನ ಬಗ್ಗೆಯೇ ಈ ಬರಹ.

ಎರಡು ಬೇರೆ ಪ್ರಶ್ನೆಗಳು, ಒಂದೇ ಕಾಲಂ

ನಮ್ಮಲ್ಲಿ ಅರ್ಜಿಯಲ್ಲಿ ಜಾತಿ ಕೇಳೋದು ಅಂದ್ರೆ ಎಲ್ಲರಿಗೂ ಮೊದಲು ನೆನಪಾಗೋದು ಮೀಸಲಾತಿ. ಕೆಪಿಎಸ್‌ಸಿ ಇರಲಿ, ಸಿಇಟಿ ಇರಲಿ, ಪ್ರವರ್ಗ-1, 2ಎ, 2ಬಿ, 3ಎ, 3ಬಿ, ಎಸ್‌ಸಿ, ಎಸ್‌ಟಿ, ಜಿಎಂ ಅನ್ನುವ ಪಟ್ಟಿ ನಮಗೆ ಬಾಯಿಪಾಠ. ಅದರ ಜೊತೆಗೆ ನಾಡಕಚೇರಿಯ ಪ್ರಮಾಣಪತ್ರದ ಆರ್‌ಡಿ ನಂಬರ್. ಇದು ಹಕ್ಕಿನ ಪ್ರಶ್ನೆ. ಇಲ್ಲಿ ಅರ್ಜಿದಾರರು ತಮಗೆ ಸಂವಿಧಾನ ಕೊಟ್ಟಿರುವ ಪಾಲನ್ನು ಕೇಳ್ತಾರೆ, ಅದಕ್ಕೆ ದಾಖಲೆ ಕೊಡ್ತಾರೆ. ಸರ್ಕಾರ ಆ ಹೆಸರನ್ನು ಆ ವ್ಯಕ್ತಿಯ ಜೊತೆಗೇ ಇಟ್ಟುಕೊಳ್ಳಬೇಕಾಗುತ್ತೆ.

ಇನ್ನೊಂದು ಪ್ರಶ್ನೆ ಇದೆ. ಅದು ನೋಡೋಕೆ ಹೀಗೇ ಇರುತ್ತೆ, ಆದರೆ ಕೆಲಸ ಪೂರ್ತಿ ಬೇರೆ. ಅದು ಸಂಸ್ಥೆಯ ಮೇಲೆ ಕಣ್ಣಿಡುವ ಪ್ರಶ್ನೆ. ಎಷ್ಟು ಜನ ದಲಿತರು, ಎಷ್ಟು ಜನ ಮುಸ್ಲಿಮರು, ಎಷ್ಟು ಜನ ಹೆಣ್ಣುಮಕ್ಕಳು, ಅಂಗವೈಕಲ್ಯ ಇರುವವರು ಅರ್ಜಿ ಹಾಕಿದರು? ಅವರಲ್ಲಿ ಎಷ್ಟು ಜನ ಮೊದಲ ಪಟ್ಟಿಗೆ ಬಂದರು? ಎಷ್ಟು ಜನರಿಗೆ ಕೆಲಸ ಸಿಕ್ತು? ಇಲ್ಲಿ ಪರೀಕ್ಷೆಗೆ ಒಳಗಾಗೋದು ಅರ್ಜಿದಾರರಲ್ಲ, ಆಯ್ಕೆ ಮಾಡುವವರು. ಹಾಗಾಗಿ ಈ ಉತ್ತರಕ್ಕೆ ವ್ಯಕ್ತಿಯ ಹೆಸರಿನ ಜೊತೆ ಸಂಬಂಧವೇ ಬೇಕಿಲ್ಲ. ಪ್ರಮಾಣಪತ್ರವೂ ಬೇಕಿಲ್ಲ.

ನಾನು ಮಾಡಿದ ತಪ್ಪು ಏನಂದ್ರೆ, ಎರಡನೇ ಪ್ರಶ್ನೆಯನ್ನು ಮೊದಲನೇ ಪ್ರಶ್ನೆಯ ರೂಪದಲ್ಲಿ ಕೇಳಿದ್ದು. ಫೆಲೋಶಿಪ್‌ನಲ್ಲಿ ಮೀಸಲಾತಿ ಇರಲಿಲ್ಲ. ಅಂದಮೇಲೆ ಆ ಮಾಹಿತಿ ಸಮಿತಿಯ ಮುಂದೆ ಇರೋದಕ್ಕೆ ಯಾವ ಕಾರಣವೂ ಇರಲಿಲ್ಲ. ಪೂರ್ವಗ್ರಹ ಇರುವವರಿಗೆ ಅನುಕೂಲ, ಉಳಿದ ಯಾರಿಗೂ ಪ್ರಯೋಜನ ಇಲ್ಲ.

"ನಾವು ಜಾತಿಯನ್ನೇ ಕೇಳಲ್ಲ" ಅನ್ನುವ ಹೆಮ್ಮೆ

ಬೆಂಗಳೂರಿನ ಖಾಸಗಿ ಕಂಪನಿಗಳ ಎಚ್‌ಆರ್ ವಿಭಾಗಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಸುತ್ತೆ: ನಮಗೆ ಪ್ರತಿಭೆ ಮಾತ್ರ ಮುಖ್ಯ, ನಾವು ಜಾತಿ ಕೇಳೋದೇ ಇಲ್ಲ. ಕೇಳಲ್ಲ, ನಿಜ. ಆದರೆ ಅವರ ಫಾರ್ಮ್ ಏನೇನು ಕೇಳುತ್ತೆ ನೋಡಿ. ಪೂರ್ತಿ ಹೆಸರು. ತಂದೆಯ ಹೆಸರು. ಸ್ವಂತ ಊರು. ಮಾತೃಭಾಷೆ. ಹತ್ತನೇ ಕ್ಲಾಸು ಯಾವ ಬೋರ್ಡ್. ಕೆಲವು ಕಡೆ ಫೋಟೋ. ಇಷ್ಟು ಸಿಕ್ಕಮೇಲೆ ಜಾತಿ ಊಹಿಸೋದು ನಮ್ಮವರಿಗೆ ಕಷ್ಟವಾ?

ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಅವರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಒಂದೇ ರೀತಿಯ ವಿದ್ಯಾರ್ಹತೆ, ಒಂದೇ ರೀತಿಯ ಅನುಭವ. ಬೇರೆ ಇದ್ದಿದ್ದು ಹೆಸರು ಮಾತ್ರ: ಒಂದಷ್ಟು ಮೇಲ್ಜಾತಿ ಹಿಂದೂ ಹೆಸರುಗಳು, ಒಂದಷ್ಟು ದಲಿತ ಹೆಸರುಗಳು, ಒಂದಷ್ಟು ಮುಸ್ಲಿಂ ಹೆಸರುಗಳು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಮುಂದಿನ ಹಂತದ ಕರೆ ಬರುವ ಸಂಭವ ಸುಮಾರು ಮೂರನೇ ಎರಡು ಭಾಗಕ್ಕೆ ಇಳಿದಿತ್ತು. ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದು ಭಾಗಕ್ಕೆ. ಆ ಅರ್ಜಿಗಳಲ್ಲಿ ಯಾರೂ ಜಾತಿ ಕಾಲಂ ತುಂಬಿರಲಿಲ್ಲ.

ಅಂದ್ರೆ ಜಾತಿ ಕೇಳದಿರೋದರಿಂದ ತಾರತಮ್ಯ ನಿಲ್ಲಲ್ಲ, ಅದರ ಲೆಕ್ಕ ಮಾತ್ರ ನಿಲ್ಲುತ್ತೆ.

ಕಾನೂನು ಕೂಡ ಇದಕ್ಕೆ ಅವಕಾಶ ಕೊಟ್ಟಿದೆ. ಷೇರು ಮಾರುಕಟ್ಟೆಯಲ್ಲಿ ನೋಂದಾಯಿತವಾದ ಮೊದಲ 1,000 ಕಂಪನಿಗಳು ಸೆಬಿ ನಿಯಮದ ಪ್ರಕಾರ ಪ್ರತಿವರ್ಷ ಒಂದು ಸುಸ್ಥಿರತಾ ವರದಿ ಕೊಡಬೇಕು. ಅದರಲ್ಲಿ ಹೆಣ್ಣುಮಕ್ಕಳು ಎಷ್ಟು, ಅಂಗವೈಕಲ್ಯ ಇರುವ ಉದ್ಯೋಗಿಗಳು ಎಷ್ಟು ಅನ್ನುವ ಲೆಕ್ಕ ಇದೆ. ಜಾತಿಯ ಲೆಕ್ಕಕ್ಕೆ ಜಾಗ ಇಲ್ಲ. ನಮ್ಮ ಕಂಪನಿಗಳ 'ವೈವಿಧ್ಯ' ಅನ್ನುವ ಪದ ಬಹುತೇಕ ಲಿಂಗದ ಹತ್ತಿರ ಶುರುವಾಗಿ ಅಲ್ಲೇ ಮುಗಿಯೋದಕ್ಕೆ ಇದೂ ಒಂದು ಕಾರಣ.

ಲೆಕ್ಕ ಇದ್ದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಕೊಡ್ತೀನಿ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಒಂದು ಉತ್ತರ ಕೊಟ್ಟಿತು. ಹಿಂದಿನ ಐದು ವರ್ಷಗಳಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳು, ಐಐಟಿ ಮತ್ತು ಐಐಎಂಗಳಿಂದ ಓದು ಬಿಟ್ಟು ಹೋದ ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳು 13,626. ರೋಹಿತ್ ವೇಮುಲ ಸಾವಿನ ನಂತರ ಕ್ಯಾಂಪಸ್‌ಗಳಲ್ಲಿ ನಡೆದ ಚರ್ಚೆಗೆ ಈ ಸಂಖ್ಯೆ ಒಂದು ಆಧಾರ. ಪ್ರವೇಶದ ಅರ್ಜಿಯಲ್ಲಿ ಯಾರೋ ಒಂದು ಪ್ರಶ್ನೆ ಕೇಳಿ, ಅದನ್ನು ಉಳಿಸಿಕೊಂಡಿದ್ದರಿಂದಲೇ ಅದು ಸಿಕ್ಕಿದ್ದು. ಖಾಸಗಿ ಕಂಪನಿಗಳಿಂದ ಕೆಲಸ ಬಿಟ್ಟು ಹೋದ ದಲಿತರು ಎಷ್ಟು ಅಂತ ಕೇಳಿದರೆ ಉತ್ತರ ಕೊಡೋಕೆ ಯಾರ ಹತ್ತಿರವೂ ಹಾಳೆ ಇಲ್ಲ.

ಉತ್ತರ ಐರ್ಲೆಂಡ್ ಮಾಡಿದ್ದು

ಫಾರ್ಮ್‌ಗೆ ದಾರಿ ಹುಡುಕುವಾಗ ನಾನು ಬ್ರಿಟನ್ನಿನ ಅರ್ಜಿಗಳನ್ನು ನೋಡಿದೆ. ಅಲ್ಲಿ 2010ರ ಸಮಾನತಾ ಕಾಯ್ದೆ ಒಂಬತ್ತು ಗುರುತುಗಳಿಗೆ ರಕ್ಷಣೆ ಕೊಡುತ್ತೆ: ವಯಸ್ಸು, ಅಂಗವೈಕಲ್ಯ, ಜನಾಂಗ, ಧರ್ಮ, ಲಿಂಗ, ಲೈಂಗಿಕತೆ ಇತ್ಯಾದಿ. ಸಾರ್ವಜನಿಕ ಸಂಸ್ಥೆಗಳಿಗೆ ಸಮಾನತೆಯನ್ನು ಗಮನದಲ್ಲಿಟ್ಟುಕೊಳ್ಳುವ ಕರ್ತವ್ಯವೂ ಇದೆ. ಹಾಗಾಗಿ ಅಲ್ಲಿನ ಅರ್ಜಿಗಳ ಕೊನೆಯಲ್ಲಿ ಪ್ರತ್ಯೇಕ ಪುಟ ಇರೋದು ರೂಢಿ. ಆ ಉತ್ತರಗಳನ್ನು ಆಯ್ಕೆ ಸಮಿತಿಗೆ ಕೊಡಲ್ಲ.

ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಉತ್ತರ ಐರ್ಲೆಂಡ್. ಯಾಕಂದ್ರೆ ಅಲ್ಲಿನ ಸಮಸ್ಯೆ ನಮ್ಮದಕ್ಕೆ ಹತ್ತಿರ. ಕ್ಯಾಥಲಿಕ್ ಮತ್ತು ಪ್ರೊಟೆಸ್ಟೆಂಟ್ ಜನರ ಚರ್ಮದ ಬಣ್ಣ ಒಂದೇ, ಭಾಷೆ ಒಂದೇ. ಆದರೂ ಹೆಸರು, ಓದಿದ ಶಾಲೆ, ಬೀದಿಯ ವಿಳಾಸ ನೋಡಿದರೆ ಸಾಕು, ಯಾರು ಯಾವ ಕಡೆಯವರು ಅಂತ ಗೊತ್ತಾಗಿಬಿಡುತ್ತೆ. ಕ್ಯಾಥಲಿಕ್ ಗಂಡಸರಲ್ಲಿ ನಿರುದ್ಯೋಗ ಪ್ರೊಟೆಸ್ಟೆಂಟ್ ಗಂಡಸರಿಗಿಂತ ಎರಡು ಪಟ್ಟಿಗೂ ಹೆಚ್ಚು ಇದ್ದ ಕಾಲ ಅದು. 1989ರಲ್ಲಿ ಒಂದು ಕಾಯ್ದೆ ಬಂತು. ಖಾಸಗಿ ಕಂಪನಿಯಾದರೂ ಸರಿ, ಹತ್ತಕ್ಕಿಂತ ಹೆಚ್ಚು ನೌಕರರಿದ್ದರೆ ಪ್ರತಿವರ್ಷ ನೌಕರರ ಸಮುದಾಯವಾರು ಲೆಕ್ಕ ಕೊಡಬೇಕು ಅನ್ನುವ ವ್ಯವಸ್ಥೆ ಜಾರಿಗೆ ಬಂತು.

ಅಲ್ಲಿನ ಪ್ರಶ್ನೆಯ ರೂಪ ಗಮನಿಸಿ. ನೀವು ದೇವರನ್ನು ನಂಬ್ತೀರಾ, ಚರ್ಚಿಗೆ ಹೋಗ್ತೀರಾ ಅಂತ ಕೇಳಲ್ಲ. ನೀವು ಧರ್ಮ ಪಾಲಿಸಿ ಬಿಡಿ, ನಿಮ್ಮನ್ನು ಸಮಾಜ ಯಾವ ಸಮುದಾಯದವರು ಅಂತ ನೋಡುತ್ತೆ ಅನ್ನುವ ಅರ್ಥದಲ್ಲಿ ಕೇಳ್ತಾರೆ. ಪ್ರೊಟೆಸ್ಟೆಂಟ್ ಸಮುದಾಯ, ರೋಮನ್ ಕ್ಯಾಥಲಿಕ್ ಸಮುದಾಯ, ಎರಡೂ ಅಲ್ಲ ಅನ್ನುವ ಮೂರು ಆಯ್ಕೆ. ಈ ಉತ್ತರ ಪ್ರತ್ಯೇಕ ಹಾಳೆಯಲ್ಲಿ ಇರುತ್ತೆ. ಅದನ್ನು ನೋಡಿಕೊಳ್ಳೋಕೆ ಒಬ್ಬರನ್ನು ನೇಮಿಸ್ತಾರೆ. ಕಾನೂನಿನಲ್ಲಿ ಹೇಳಿದ ಸಂದರ್ಭ ಬಿಟ್ಟು ಬೇರೆ ಯಾರಿಗಾದರೂ ಬಿಟ್ಟುಕೊಟ್ಟರೆ ಅದು ಅಪರಾಧ.

1990ರ ಮೊದಲ ಲೆಕ್ಕದಲ್ಲಿ ಕ್ಯಾಥಲಿಕ್ ನೌಕರರ ಪಾಲು ಸುಮಾರು 35%. ಈಗ ಅದು ಅರ್ಧದ ಆಸುಪಾಸಿನಲ್ಲಿದೆ. ಇದೆಲ್ಲ ಒಂದು ಫಾರ್ಮ್‌ನಿಂದಲೇ ಆಯಿತು ಅಂತ ಹೇಳಿದರೆ ತಪ್ಪಾಗುತ್ತೆ. ಈ ಅವಧಿಯಲ್ಲಿ ಜನಸಂಖ್ಯೆಯೂ ಬದಲಾಯಿತು, ಶಾಂತಿ ಒಪ್ಪಂದವೂ ಆಯಿತು. ಆದರೆ ಬದಲಾವಣೆ ಆಗ್ತಿದೆಯಾ ಇಲ್ವಾ ಅಂತ ವರ್ಷವರ್ಷ ಹೇಳೋಕೆ ಅಲ್ಲಿ ಸಾಧ್ಯವಾಗಿದ್ದು ಆ ಪ್ರಶ್ನೆಯಿಂದ.

ನಮ್ಮಲ್ಲಿ "ನಾನು ಜಾತಿ ನಂಬಲ್ಲ, ನನಗೆ ಜಾತಿ ಇಲ್ಲ" ಅನ್ನುವ ಯುವಕರು ತುಂಬ ಜನ ಇದ್ದಾರೆ. ಅವರಿಗೆ ಈ ಪ್ರಶ್ನೆಯ ರೂಪ ಒಂದು ಉತ್ತರ. ನಿಮ್ಮ ನಂಬಿಕೆಯನ್ನು ಯಾರೂ ಕೇಳ್ತಿಲ್ಲ. ಮನೆ ಬಾಡಿಗೆಗೆ ಹೋದಾಗ ಓನರ್ ನಿಮ್ಮನ್ನು ಏನಂತ ನೋಡ್ತಾರೆ ಅನ್ನೋದನ್ನು ಕೇಳ್ತಿರೋದು.

ಅದೇ ಬ್ರಿಟನ್ ಒಂದು ಕಡೆ ಸೋತಿದೆ. ಜಾತಿ ತಾರತಮ್ಯವನ್ನು ಸಮಾನತಾ ಕಾಯ್ದೆಗೆ ಸೇರಿಸಬೇಕು ಅಂತ 2013ರಲ್ಲಿ ಅಲ್ಲಿನ ಸಂಸತ್ತು ಹೇಳಿತ್ತು. 2018ರಲ್ಲಿ ಸರ್ಕಾರ ಅದನ್ನು ಮಾಡಲ್ಲ, ನ್ಯಾಯಾಲಯದ ತೀರ್ಪುಗಳೇ ಸಾಕು ಅಂತ ಹೇಳಿ ಕೈತೊಳೆದುಕೊಂಡಿತು. ಇಲ್ಲಿಂದ ಹೋಗಿ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಕನ್ನಡಿಗರಿಗೆ ಸಿಗೋದು 'ಇಂಡಿಯನ್' ಅನ್ನುವ ಒಂದೇ ಚೌಕ. ಆ ಚೌಕದ ಒಳಗೆ ಯಾರು ಯಾರನ್ನು ತುಳಿದರೂ ಲೆಕ್ಕಕ್ಕೆ ಬರಲ್ಲ.

ಪಟ್ಟಿಯಲ್ಲಿ ಏನಿರಬೇಕು ಅನ್ನೋದೇ ರಾಜಕೀಯ

ಪ್ರತ್ಯೇಕ ಪುಟ ಮಾಡಿದ್ವಿ ಅಂತ ಇಟ್ಟುಕೊಳ್ಳಿ. ಈಗ ಜಾತಿ ಕೇಳೋದು ಹೇಗೆ? ಖಾಲಿ ಜಾಗ ಬಿಟ್ಟು ನೀವೇ ಬರೆಯಿರಿ ಅನ್ನೋದಾ, ಪಟ್ಟಿ ಕೊಟ್ಟು ಆರಿಸಿ ಅನ್ನೋದಾ?

ಖಾಲಿ ಜಾಗದ ಕಥೆ ದೇಶಕ್ಕೆ ಗೊತ್ತಿದೆ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಜನ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡರು. ಕೊನೆಗೆ 46 ಲಕ್ಷಕ್ಕೂ ಹೆಚ್ಚು ಹೆಸರುಗಳು ಬಂದವು ಅಂತ ಕೇಂದ್ರ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೇಳಿತು. 1931ರ ಗಣತಿಯಲ್ಲಿ ಇದ್ದದ್ದು 4,147. ಜಾತಿ, ಉಪಜಾತಿ, ಗೋತ್ರ, ಮನೆತನದ ಹೆಸರು, ಸ್ಪೆಲ್ಲಿಂಗ್ ತಪ್ಪು ಎಲ್ಲವೂ ಬೇರೆ ಬೇರೆ ಜಾತಿ ಆಗಿಬಿಟ್ಟಿದ್ದವು. ಆ ಮಾಹಿತಿ ಇವತ್ತಿಗೂ ಉಪಯೋಗಕ್ಕೆ ಬರಲಿಲ್ಲ.

ಪಟ್ಟಿ ಕೊಟ್ಟರೆ ಇನ್ನೊಂದು ತಾಪತ್ರಯ. 2025ರ ಸೆಪ್ಟೆಂಬರ್ 22ರಂದು ಕರ್ನಾಟಕದಲ್ಲಿ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನೆನಪಿದೆ ಅಲ್ವಾ? 60 ಪ್ರಶ್ನೆಗಳ ಆ ಸಮೀಕ್ಷೆಯಲ್ಲಿ ದೊಡ್ಡ ಗಲಾಟೆ ಆಗಿದ್ದು ಆ್ಯಪ್‌ನ ಪಟ್ಟಿಯ ಬಗ್ಗೆ. ಜಾತಿಯ ಹೆಸರಿನ ಜೊತೆ 'ಕ್ರಿಶ್ಚಿಯನ್' ಅಂತ ಸೇರಿಸಿದ್ದ ಹೆಸರುಗಳು ಪಟ್ಟಿಯಲ್ಲಿ ಯಾಕಿವೆ ಅಂತ ಪ್ರಶ್ನೆ ಎದ್ದು, ಕೊನೆಗೆ ಅಂಥ 33 ಹೆಸರುಗಳನ್ನು ಕಾಣದಂತೆ ಮಾಡಿದರು. ಮತಾಂತರವಾದರೂ ಜಾತಿ ಬೆನ್ನು ಬಿಡಲ್ಲ ಅನ್ನೋದು ಒಂದು ವಾದ. ಪಟ್ಟಿಯಲ್ಲಿ ಹಾಕಿದರೆ ಹೊಸ ಜಾತಿ ಸೃಷ್ಟಿಸಿದ ಹಾಗೆ ಅನ್ನೋದು ಇನ್ನೊಂದು ವಾದ. ಆ ಪಟ್ಟಿಯ ಒಂದೊಂದು ಸಾಲೂ ರಾಜಕೀಯ ತೀರ್ಮಾನವೇ.

ಇನ್ನೊಂದು ಉದಾಹರಣೆ ಒಳಮೀಸಲಾತಿಯದ್ದು. ಪರಿಶಿಷ್ಟ ಜಾತಿಯ 101 ಜಾತಿಗಳ ಸಮೀಕ್ಷೆ ಮಾಡಿದ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗಕ್ಕೆ ಎದುರಾದ ದೊಡ್ಡ ತೊಡಕು ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅನ್ನುವ ಹೆಸರುಗಳು. ದಶಕಗಳ ಕಾಲ ಪ್ರಮಾಣಪತ್ರದಲ್ಲಿ ಎಕೆ, ಎಡಿ ಅಂತಲೇ ಬರೆದುಕೊಂಡು ಬಂದಿದ್ದರಿಂದ ಎಡಗೈಯವರು ಯಾರು, ಬಲಗೈಯವರು ಯಾರು ಅಂತ ದಾಖಲೆಯಲ್ಲಿ ಗೊತ್ತಾಗ್ತಿರಲಿಲ್ಲ. ಮೂಲ ಜಾತಿ ಹೇಳದವರಿಗಾಗಿಯೇ ಆಯೋಗ ಒಂದು ಪ್ರತ್ಯೇಕ ಗುಂಪು ಮಾಡಬೇಕಾಯಿತು. ಒಬ್ಬ ಗುಮಾಸ್ತ ಎಂದೋ ಅನುಕೂಲಕ್ಕೆ ಬರೆದ ಪದ ಮೂರು ತಲೆಮಾರಿನ ಪಾಲಿನ ಲೆಕ್ಕವನ್ನು ಕಟ್ಟಿಹಾಕುತ್ತೆ.

ಸಣ್ಣ ಸಂಸ್ಥೆಯ ಫಾರ್ಮ್‌ಗೆ 101 ಅಥವಾ ಸಾವಿರ ಹೆಸರಿನ ಪಟ್ಟಿ ಬೇಕಿಲ್ಲ. ನಾವು ಮಾಡಿದ್ದು ಹೀಗೆ: ಮೊದಲು ದೊಡ್ಡ ಗುಂಪು, ಅಂದ್ರೆ ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಇವು ಯಾವುದೂ ಅಲ್ಲ. ಧರ್ಮಕ್ಕೆ ಬೇರೆಯದೇ ಪ್ರಶ್ನೆ. ಅದರ ಕೆಳಗೆ ಇಷ್ಟವಿದ್ದರೆ ನಿಮ್ಮದೇ ಮಾತಿನಲ್ಲಿ ಬರೆಯೋಕೆ ಒಂದು ಸಾಲು. ಕೊನೆಗೆ "ಹೇಳಲು ಇಷ್ಟವಿಲ್ಲ". 'ಜನರಲ್' ಅನ್ನುವ ಪದವನ್ನು ತೆಗೆದೆವು. ಅದೇನು, ಉಳಿದವರೆಲ್ಲ ಸ್ಪೆಷಲ್ಲಾ? ನಕ್ಷತ್ರ ಎಲ್ಲ ಪ್ರಶ್ನೆಗಳಿಂದಲೂ ಹೋಯ್ತು. ಫಾರ್ಮ್ ತೆರೆದಾಗ ಯಾವ ಉತ್ತರವೂ ಮೊದಲೇ ಆಯ್ಕೆ ಆಗಿರದ ಹಾಗೆ ನೋಡಿಕೊಂಡೆವು. ಇಲ್ಲದಿದ್ದರೆ ಅವಸರದಲ್ಲಿ ತುಂಬುವವರು ಪಟ್ಟಿಯ ಮೊದಲ ಹೆಸರಾಗಿಬಿಡ್ತಾರೆ.

ಲಿಂಗ, ಅಂಗವೈಕಲ್ಯ, ಮತ್ತು ಕನ್ನಡ

ಗಂಡು, ಹೆಣ್ಣು, ಇತರೆ. ಈ 'ಇತರೆ' ಅನ್ನುವ ಕಾಲಂಗೂ ಕರ್ನಾಟಕದಲ್ಲಿ ಹೋರಾಟದ ಇತಿಹಾಸ ಇದೆ. 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಸ್ವಯಂ ಗುರುತಿನ ಹಕ್ಕನ್ನು ಎತ್ತಿಹಿಡಿಯಿತು. ಹೈಕೋರ್ಟಿನಲ್ಲಿ ಸಂಘಟನೆಗಳು ಹೋರಾಡಿದ ಮೇಲೆ 2021ರಲ್ಲಿ ಕರ್ನಾಟಕ ತನ್ನ ನೇಮಕಾತಿ ನಿಯಮ ತಿದ್ದಿತು. ಸರ್ಕಾರಿ ಹುದ್ದೆಗಳಲ್ಲಿ 1% ಸಮತಲ ಮೀಸಲಾತಿ ಬಂತು. ಅದರ ಜೊತೆಗೆ ಅರ್ಜಿಯಲ್ಲಿ ಗಂಡು, ಹೆಣ್ಣಿನ ಜೊತೆ 'ಇತರೆ' ಅನ್ನುವ ಪ್ರತ್ಯೇಕ ಕಾಲಂ ಇರಲೇಬೇಕು ಅಂತ ನಿಯಮದಲ್ಲೇ ಬರೆದರು. ಫಾರ್ಮ್‌ನ ಒಂದು ಕಾಲಂ ಕಾನೂನಿನ ಪಠ್ಯಕ್ಕೆ ಸೇರೋದು ಸಣ್ಣ ವಿಷಯ ಅಲ್ಲ. ಆದರೆ ಹೊಸದಾಗಿ ಫಾರ್ಮ್ ಮಾಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. 'ಇತರೆ' ಬದಲು ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ, ಇಂಟರ್‌ಸೆಕ್ಸ್, ನನ್ನದೇ ಮಾತಿನಲ್ಲಿ ಅಂತ ಬರೆಯಬಹುದು.

ಪದ ಆರಿಸುವಾಗ ಎಚ್ಚರ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನ ಪಾಠ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಗಣತಿಯಲ್ಲಿ ಮೊದಲ ಬಾರಿಗೆ, ನಿಮ್ಮ ಲಿಂಗತ್ವದ ಗುರುತು ಹುಟ್ಟಿದಾಗ ದಾಖಲಾದ ಲಿಂಗವೇ ಆಗಿದೆಯಾ ಅನ್ನುವ ಅರ್ಥದ ಪ್ರಶ್ನೆ ಕೇಳಿದರು. ಸುಮಾರು 2,62,000 ಜನ ಇಲ್ಲ ಅಂದರು. ಆಮೇಲೆ ನೋಡಿದರೆ ಇಂಗ್ಲಿಷ್ ಸರಿಯಾಗಿ ಬಾರದವರಲ್ಲಿ 'ಇಲ್ಲ' ಅಂದವರ ಪ್ರಮಾಣ ಹೆಚ್ಚಿತ್ತು. ಪ್ರಶ್ನೆಯೇ ಅರ್ಥವಾಗದೆ ತಪ್ಪು ಉತ್ತರ ಕೊಟ್ಟಿರಬಹುದು ಅನ್ನುವ ಸಂಶಯ ಬಂದು, 2024ರಲ್ಲಿ ಆ ಅಂಕಿಅಂಶದ ಮಾನ್ಯತೆಯನ್ನೇ ಇಳಿಸಬೇಕಾಯಿತು. ಲೆಕ್ಕಕ್ಕೆ ಬರಲಿ ಅಂತ ವರ್ಷಗಟ್ಟಲೆ ಕಾದ ಸಮುದಾಯಕ್ಕೆ ಸಿಕ್ಕಿದ್ದು ಅನುಮಾನದ ಲೆಕ್ಕ.

ನಮ್ಮ ಫಾರ್ಮ್ ಇಂಗ್ಲಿಷಿನಲ್ಲಿ ಮಾಡಿ ಕನ್ನಡಕ್ಕೆ ಗೂಗಲ್ ಅನುವಾದ ಮಾಡಿದ್ದಾಗಿತ್ತು. ರಾಯಚೂರು ಕಡೆಯ ಒಬ್ಬ ಗೆಳೆಯನಿಗೆ ಓದೋಕೆ ಕೊಟ್ಟೆ. "ಇದು ಆಸ್ಪತ್ರೆ ಫಾರ್ಮಾ?" ಅಂತ ಕೇಳಿದ. ಆಮೇಲೆ ಕನ್ನಡದಲ್ಲೇ ಮೊದಲಿಂದ ಬರೆದು, ಐದಾರು ಜನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಎಲ್ಲಿ ಅವರ ಬೆರಳು ನಿಲ್ಲುತ್ತೆ ಅಂತ ನೋಡಿದೆ. ಇದಕ್ಕೆ ಖರ್ಚು ಒಂದು ಮಧ್ಯಾಹ್ನ ಮತ್ತು ಚಹಾ.

ಅಂಗವೈಕಲ್ಯದಲ್ಲೂ ಎರಡು ಪ್ರಶ್ನೆ ಗೋಜಲಾಗಿವೆ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ. ನಮ್ಮ ಫಾರ್ಮ್‌ಗಳು "ನೀವು ಅಂಗವಿಕಲರೇ? ಹೌದು/ಇಲ್ಲ, ಶೇಕಡಾವಾರು ಎಷ್ಟು?" ಅಂತ ಕೇಳಿ ಮುಗಿಸ್ತವೆ. ಆದರೆ ಸಂದರ್ಶನ ನಡೆಸುವವರಿಗೆ ಬೇಕಿರೋದು ಇದಲ್ಲ. ಅವರಿಗೆ ಬೇಕಿರೋದು: ನಿಮಗೆ ಇಳಿಜಾರು ದಾರಿ ಬೇಕಾ, ಸನ್ನೆ ಭಾಷೆಯವರು ಬೇಕಾ, ಹೆಚ್ಚು ಸಮಯ ಬೇಕಾ? ಆ ಪ್ರಶ್ನೆ ಹೆಸರಿನ ಜೊತೆ ಇರಲಿ, ವ್ಯವಸ್ಥೆ ಮಾಡುವವರಿಗೆ ಹೋಗಲಿ. ಲೆಕ್ಕದ ಪ್ರಶ್ನೆ ಬೇರೆ ಪುಟದಲ್ಲಿ ಇರಲಿ. ಅಲ್ಲಿಯೂ ಆ ಪದದ ಬದಲು ನೋಡೋದು, ಕೇಳೋದು, ನಡೆಯೋದು, ನೆನಪಿಟ್ಟುಕೊಳ್ಳೋದು, ಸ್ವಂತ ಕೆಲಸ ಮಾಡಿಕೊಳ್ಳೋದು, ಮಾತಾಡೋದು, ಇವುಗಳಲ್ಲಿ ಎಷ್ಟು ಕಷ್ಟ ಇದೆ ಅಂತ ಕೇಳುವ ಕ್ರಮವನ್ನು ವಾಷಿಂಗ್ಟನ್ ಗ್ರೂಪ್ ರೂಪಿಸಿದೆ. ಹಲವು ದೇಶಗಳು ಇದನ್ನು ಬಳಸ್ತವೆ. ತಾನು ಅಂಗವಿಕಲ ಅಂತ ಹೇಳಿಕೊಳ್ಳೋಕೆ ಹಿಂಜರಿಯುವವರೂ ಮೆಟ್ಟಿಲು ಹತ್ತೋಕೆ ಕಷ್ಟ ಅಂತ ಹೇಳ್ತಾರೆ.

ಮಾಹಿತಿ ಯಾರ ಕೈಗೆ ಹೋಗುತ್ತೆ

ಈಗ ಗಟ್ಟಿಯಾದ ತಕರಾರು. ಈ ದೇಶದಲ್ಲಿ ಜಾತಿ, ಧರ್ಮದ ಮಾಹಿತಿ ಕೊಡೋದು ಸುರಕ್ಷಿತವಾ? 2022ರಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿ ಅನ್ನುವ ಹೆಸರಿನಲ್ಲಿ ಮನೆ ಮನೆಯ ಮಾಹಿತಿ ಸಂಗ್ರಹಿಸಿದ ಹಗರಣ ನಾವು ನೋಡಿದ್ದೀವಿ. ಒಬ್ಬ ಮುಸ್ಲಿಂ ಯುವಕ ಯಾವ ಧೈರ್ಯದ ಮೇಲೆ ಆ ಕಾಲಂ ತುಂಬಬೇಕು?

ಈ ಭಯವನ್ನು ಸುಳ್ಳು ಅನ್ನೋಕೆ ನನ್ನಿಂದ ಆಗಲ್ಲ. ಕಾನೂನು ಅರ್ಧ ದಾರಿಗೆ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿ, ನಿರ್ದಿಷ್ಟವಾಗಿ, ಷರತ್ತಿಲ್ಲದೆ ಇರಬೇಕು. ಯಾಕೆ ಕೇಳ್ತಿದ್ದೀವಿ ಅನ್ನುವ ಸೂಚನೆಯನ್ನು ಎಂಟನೇ ಅನುಸೂಚಿಯ ಭಾಷೆಗಳಲ್ಲಿ, ಅಂದ್ರೆ ಕನ್ನಡದಲ್ಲೂ, ಪಡೆಯುವ ಹಕ್ಕಿದೆ. ಆದರೆ ಯುರೋಪಿನ ಕಾನೂನಿನ ಹಾಗೆ ಸೂಕ್ಷ್ಮ ಮಾಹಿತಿ ಅಂತ ಬೇರೆ ವರ್ಗ ಇಲ್ಲಿ ಇಲ್ಲ. ನಿಮ್ಮ ಜಾತಿಗೂ ನಿಮ್ಮ ಪಿನ್ ಕೋಡ್‌ಗೂ ಒಂದೇ ರಕ್ಷಣೆ. ಮೇಲಾಗಿ ಉದ್ಯೋಗದ ಉದ್ದೇಶಗಳಿಗೆ ಒಪ್ಪಿಗೆ ಇಲ್ಲದೆಯೇ ಮಾಹಿತಿ ಬಳಸುವ ಬಾಗಿಲನ್ನು ಕಾಯ್ದೆ ತೆರೆದಿಟ್ಟಿದೆ.

ರಾಜ್ಯದ ಸಮೀಕ್ಷೆಯ ವಿಷಯದಲ್ಲಿ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಮಧ್ಯಂತರ ಆದೇಶ ಒಂದು ಒಳ್ಳೆಯ ಅಳತೆಗೋಲು. ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಭಾಗವಹಿಸೋದು ಸ್ವಇಚ್ಛೆ ಅಂತ ಜನರಿಗೆ ಹೇಳಬೇಕು, ಒತ್ತಾಯ ಮಾಡಬಾರದು, ಮಾಹಿತಿ ಆಯೋಗದ ಬಿಟ್ಟು ಬೇರೆ ಯಾರ ಕೈಗೂ ಹೋಗಬಾರದು ಅಂತ ಹೇಳಿತು. ಸರ್ಕಾರಕ್ಕೆ ಅನ್ವಯಿಸುವ ಈ ಮೂರು ಮಾತು ಎಚ್‌ಆರ್ ವಿಭಾಗಕ್ಕೆ ಯಾಕೆ ಅನ್ವಯಿಸಬಾರದು?

'ಅನಾಮಧೇಯ' ಅನ್ನುವ ಮಾತನ್ನೂ ಸುಮ್ಮನೆ ನಂಬಬೇಡಿ. ಒಂದು ಜಿಲ್ಲೆಯಿಂದ ಒಬ್ಬರೇ ಟ್ರಾನ್ಸ್ ಅಭ್ಯರ್ಥಿ ಅರ್ಜಿ ಹಾಕಿದ್ದರೆ ಹೆಸರು ತೆಗೆದರೂ ಅವರು ಯಾರು ಅಂತ ಗೊತ್ತಾಗುತ್ತೆ. ಅದಕ್ಕೇ ಗುಂಪು ಚಿಕ್ಕದಿದ್ದಾಗ ಸಂಖ್ಯೆ ಪ್ರಕಟಿಸಬಾರದು, ದೊಡ್ಡ ಗುಂಪಿನ ಜೊತೆ ಸೇರಿಸಬೇಕು. ಊರು, ಲಿಂಗ, ಜಾತಿ ಮೂರನ್ನೂ ಒಟ್ಟಿಗೆ ಹಾಕಿ ಕೋಷ್ಟಕ ಮಾಡುವ ಆಸೆ ಬಿಡಬೇಕು.

ಲೆಕ್ಕ ಹೇಳಿದ್ದು

ಮರುವರ್ಷ ನಮ್ಮ ಫಾರ್ಮ್ ಎರಡು ಭಾಗವಾಯಿತು. ಅರ್ಜಿ ಸಲ್ಲಿಸಿದ ಮೇಲೆ ಎರಡನೇ ಪುಟ ತೆರೆದುಕೊಳ್ತಿತ್ತು. ಮೇಲೆ ನಾಲ್ಕು ಸಾಲು: ಯಾಕೆ ಕೇಳ್ತಿದ್ದೀವಿ, ಯಾರು ನೋಡ್ತಾರೆ, ಯಾರು ನೋಡಲ್ಲ, ಯಾವಾಗ ಅಳಿಸ್ತೀವಿ. ಉತ್ತರಗಳು ಬೇರೆ ಕಡೆ ಹೋಗಿ ಒಬ್ಬರ ಕೈಯಲ್ಲಿ ಮಾತ್ರ ಇರ್ತಿದ್ದವು. ಅರ್ಜಿ ಯಾವ ಹಂತ ತಲುಪಿತು ಅಂತ ತಿಳಿಯೋಕೆ ಹೆಸರಿನ ಬದಲು ಒಂದು ಸಂಕೇತ ಸಂಖ್ಯೆ.

ಎಲ್ಲರೂ ತುಂಬಲಿಲ್ಲ. ಬಿಟ್ಟವರು ಯಾರು ಅಂತ ಹೇಳೋಕೆ ಆಗಲ್ಲ, ಅದು ಈ ವಿಧಾನದ ಮಿತಿ. ಭಯ ಇರುವವರೇ ಹೆಚ್ಚು ಬಿಟ್ಟಿರುವ ಸಾಧ್ಯತೆ ಇದೆ. ಆದರೂ ಒಂದು ವಿಷಯ ಎದ್ದು ಕಾಣ್ತು. ಅರ್ಜಿ ಹಾಕಿದವರಲ್ಲಿ ದಲಿತ ಮತ್ತು ಆದಿವಾಸಿ ಅಭ್ಯರ್ಥಿಗಳು ಚೆನ್ನಾಗಿಯೇ ಇದ್ದರು. ಸಂದರ್ಶನಕ್ಕೆ ಬಂದವರಲ್ಲೂ ಅವರು ಉಳಿದವರಷ್ಟೇ ಆಯ್ಕೆ ಆಗಿದ್ದರು. ಕಳಚಿಕೊಂಡಿದ್ದು ಮಧ್ಯದಲ್ಲಿ, ಇಂಗ್ಲಿಷಿನಲ್ಲಿ ಬರೆಯಬೇಕಿದ್ದ ಪ್ರಬಂಧದ ಹಂತದಲ್ಲಿ. ಫೆಲೋಶಿಪ್‌ನ ಕೆಲಸ ಪೂರ್ತಿ ಕನ್ನಡದಲ್ಲಿ, ಹಳ್ಳಿಗಳಲ್ಲಿ. ಆ ಪ್ರಬಂಧ ಯಾಕಿತ್ತು ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಮೊದಲಿಂದಲೂ ಇತ್ತು ಅಷ್ಟೇ.

ಸಮಿತಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅದನ್ನೇ ಹೇಳೋಕೆ ಹೊರಟಿರೋದು. ಕೆಟ್ಟವರು ಇಲ್ಲದೆಯೂ ಬಾಗಿಲು ಮುಚ್ಚಿರುತ್ತೆ. ಆ ಬಾಗಿಲು ಎಲ್ಲಿದೆ ಅಂತ ಕಂಡಿದ್ದು ಲೆಕ್ಕದಿಂದ. ಪ್ರಬಂಧವನ್ನು ಕನ್ನಡದಲ್ಲೂ ಬರೆಯಬಹುದು ಅಂತ ಮಾಡೋಕೆ ಮೂರು ಮೀಟಿಂಗ್ ಬೇಕಾಯಿತು. "ಗುಣಮಟ್ಟ ಇಳಿಯುತ್ತೆ" ಅನ್ನುವ ಮಾತು ಬಂತು. ಅದಕ್ಕೆ ಉತ್ತರ ಕೊಡೋಕೆ ನಮ್ಮ ಕೈಯಲ್ಲಿ ಹಾಳೆ ಇತ್ತು.

ಜಾತಿಯನ್ನು ಸಮಿತಿಯಿಂದ ಮುಚ್ಚಿಟ್ಟರೆ ಸಮಾನತೆ ತಾನಾಗೇ ಬರಲ್ಲ. ಲೆಕ್ಕ ತೆಗೆದು ಕಪಾಟಿನಲ್ಲಿಟ್ಟರೆ ಅದೂ ಬರಲ್ಲ. ಅಂಥ ಸಂಸ್ಥೆಗಳು ಕೇಳದಿರೋದೇ ವಾಸಿ. ಉತ್ತರ ಪಡೆದ ಮೇಲೆ ಏನು ಬದಲಾಯಿಸಿದ್ವಿ ಅಂತ ಅರ್ಜಿದಾರರಿಗೆ ವಾಪಸ್ ಹೇಳುವ ಜವಾಬ್ದಾರಿ ಇದ್ದರೆ ಮಾತ್ರ ಕೇಳುವ ಹಕ್ಕು. ಸೆಬಿ ವರದಿಯಲ್ಲಿ ಜಾತಿಯ ಲೆಕ್ಕಕ್ಕೂ ಒಂದು ಸಾಲು ಬರಬೇಕು ಅಂತ ನಾವು ಒತ್ತಾಯ ಮಾಡಬೇಕಿರೋದು ಇದಕ್ಕೇ. 2027ರ ಜನಗಣತಿಯಲ್ಲಿ ಜಾತಿ ಎಣಿಕೆ ಆಗುತ್ತೆ. ದೇಶದ ಜನಸಂಖ್ಯೆಯ ಲೆಕ್ಕ ಸಿಕ್ಕಮೇಲೆ, ಕಂಪನಿಗಳ ಒಳಗಿನ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡೋಕೆ ನಮ್ಮ ಹತ್ತಿರ ಏನಿರುತ್ತೆ?

ಅವತ್ತು ಫೋನ್ ಮಾಡಿದ ಯುವತಿ ಅರ್ಜಿ ಹಾಕಿದರಾ ಇಲ್ವಾ ನನಗೆ ಗೊತ್ತಿಲ್ಲ. ಹಾಕಿಲ್ಲ ಅಂತಲೇ ಅನ್ನಿಸುತ್ತೆ. ಮುಂದಿನ ಸಲ ನೀವು ಯಾವುದಾದರೂ ಅರ್ಜಿ ತುಂಬುವಾಗ ಜಾತಿಯ ಕಾಲಂ ಸಿಕ್ಕರೆ, ಸಹಾಯವಾಣಿಗೆ ಫೋನ್ ಮಾಡಿ ಆಕೆ ಕೇಳಿದ್ದನ್ನೇ ಕೇಳಿ: ಇದು ಯಾರಿಗೆ ಕಾಣುತ್ತೆ? ನಿಮಗೆ ಆ ಕಾಲಂ ತುಂಬೋಕೆ ಭಯ ಇಲ್ಲದಿದ್ದರೆ ನೀವು ಮೊದಲು ಕೇಳಿ. ಕೇಳಿದ್ದಕ್ಕೆ ನಿಮ್ಮ ಅರ್ಜಿ ತಿರಸ್ಕಾರ ಆಗುವ ಸಾಧ್ಯತೆ ಕಡಿಮೆ.